ಟಿ.ವಿ. ಪಕ್ಕದ 417ನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸದಿರುವ ಬಗ್ಗೆ

ಇಂದ,
ಹಿರಿಯ ಫಿಟ್ಟರ್, ಎರಡನೇ ಶೆಡ್,
ಕವಚವಾಹನ ದುರಸ್ತಿ ಘಟಕ.
(ಸೇವೆ: ಇಪ್ಪತ್ತಾರು ವರ್ಷ. ಹಿಂದೆ ಬರೆದ ಅರ್ಜಿಗಳು: ಇಲ್ಲ.)

ಗೆ,
ಮಾನ್ಯ ಅಧ್ಯಕ್ಷರು,
ವಾಹನ ನಿವೃತ್ತಿ ಮಂಡಳಿ.

ವಿಷಯ: ನಮ್ಮ ಮನೆಯಲ್ಲಿರುವ, ಇಪ್ಪತ್ತೆರಡು ಸೆಂಟಿಮೀಟರ್ ಉದ್ದದ ಯುದ್ಧವಾಹನವನ್ನು ನಾಲ್ಕು ತುಂಡು ಮಾಡದೆ ಬಿಡುವ ಕುರಿತು.

ಉಲ್ಲೇಖ: 1. ತಮ್ಮ ಲಿಖಿತ ಆದೇಶ, ಕಳೆದ ಸೋಮವಾರದ್ದು.
2. ನನ್ನ ಹೆಂಡತಿಯ ಮೌಖಿಕ ಆದೇಶ, ಅದೇ ದಿನ ಸಂಜೆ, ಅಡುಗೆಮನೆಯಿಂದ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಎಂಟು ಚಕ್ರದ ಕವಚವಾಹನ ಸಂಖ್ಯೆ 417 ನಮ್ಮ ಶೆಡ್ಡಿನ ಹಿಂದೆ ನಿಂತಿದೆ. ತೂಕ ಹದಿಮೂರು ಟನ್. ಅದಕ್ಕೆ ವಯಸ್ಸಾಗಿದೆ, ಹೊಗೆ ಕಾರುತ್ತದೆ, ಅದನ್ನು ನಿವೃತ್ತಿಗೊಳಿಸುವುದರಲ್ಲಿ ನನ್ನ ತಕರಾರಿಲ್ಲ. ಅದೇ 417ರ ಮಾದರಿಯೊಂದನ್ನು ನಾನು ಅಂಗಡಿಯಿಂದ ಕಿಟ್ ತಂದು, ಮೂವತ್ತೈದರಲ್ಲಿ ಒಂದು ಅಳತೆಯಲ್ಲಿ, ಮನೆಯಲ್ಲಿ ಜೋಡಿಸಿದ್ದೇನೆ. ನಂಬರು ಅದೇ, ಬಣ್ಣ ಅದೇ, ಮೂತಿಯ ಬಲಗಡೆ ಬಿದ್ದ ತಗ್ಗು ಕೂಡ ಅದೇ.

2. ಪರಿಶೀಲನೆಯ ದಿನ, ಹಿಂಬಾಗಿಲಿನ ತುಕ್ಕಿನ ಬಣ್ಣ ಸರಿಹೋಗಿದೆಯೇ ನೋಡಲು ಮಾದರಿಯನ್ನು ಶೆಡ್ಡಿಗೆ ತಂದಿದ್ದೆ. ತಮ್ಮ ಅಳತೆ ಅಧಿಕಾರಿಗಳು ಬಂದರು. ಹೊರಗೆ ರಣಬಿಸಿಲು, ಅವರಿಗೆ ಮಂಡಿನೋವು. ಅವರು ತುಂಬಬೇಕಾದ ನಮೂನೆಯಲ್ಲಿ ಟೇಪು ಹಿಡಿದೇ ಅಳೆಯಬೇಕೆಂದಿದೆ. ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಅರ್ಜಿಯೇ ಬೇಕಿರಲಿಲ್ಲ. ಮೇಜಿನ ಮೇಲಿದ್ದ ಮಾದರಿಯನ್ನು ತೋರಿಸಿ, "ಅದಕ್ಕೂ ಇದಕ್ಕೂ ಒಂದು ನಟ್ಟಿನ ವ್ಯತ್ಯಾಸ ಇಲ್ಲ ಸಾರ್" ಎಂದು ಜಂಬ ಕೊಚ್ಚಿಕೊಂಡೆ.

"ಹಾಗಾದ್ರೆ ಇದನ್ನೇ ಅಳೆಯೋಣ. ಆಫೀಸಿಗೆ ಹೋಗಿ ಮೂವತ್ತೈದರಿಂದ ಗುಣಿಸಿದ್ರಾಯ್ತು" ಎಂದರು ಅವರು. ಕುರ್ಚಿಯಲ್ಲಿ ಕೂತೇ ಅಳೆದರು. ಸಾಮಾನಿನ ತಕ್ಕಡಿಯಲ್ಲಿಟ್ಟು ತೂಗಿದರು. ಮರುದಿನ ಮಂಡಿಯ ಕಾರಣ ರಜೆ ಹಾಕಿದರು. ಗುಣಿಸುವ ಕೆಲಸ ಹಾಗೇ ಉಳಿಯಿತು.

3. ಕಾರಣ, ತಮ್ಮ ಆದೇಶದಲ್ಲಿ ವಾಹನದ ಉದ್ದ 22 ಸೆಂ.ಮೀ., ಎತ್ತರ 7 ಸೆಂ.ಮೀ., ತೂಕ 310 ಗ್ರಾಂ ಎಂದಿದೆ. ವಾಹನ ಈಗ ಎಲ್ಲಿದೆ ಎಂದು ತಮ್ಮ ಕಚೇರಿಯವರು ಫೋನಿನಲ್ಲಿ ಅಳತೆ ಓದಿ ಕೇಳಿದಾಗ, ಸುಳ್ಳು ಹೇಳಬಾರದೆಂದು, "ಮನೇಲಿದೆ, ಟಿ.ವಿ. ಪಕ್ಕ" ಎಂದೆ. ಅದನ್ನೂ ಬರೆದುಕೊಂಡರು. ಆದ್ದರಿಂದ ಈ ತಿಂಗಳ ಕೊನೆಯ ಬುಧವಾರ ನಮ್ಮ ಮನೆಗೆ ಗ್ಯಾಸ್ ಕಟರ್ ತಂಡವೂ, ತುಂಡುಗಳನ್ನು ಹೊತ್ತೊಯ್ಯಲು ದೊಡ್ಡ ಟ್ರೈಲರೂ ಬರಲಿವೆ. ನಮ್ಮ ಓಣಿಯಲ್ಲಿ ಎರಡು ಸೈಕಲ್ ಎದುರುಬದುರಾದರೆ ಒಂದು ಇಳಿದು ನಿಲ್ಲಬೇಕು ಎಂಬುದು ತಮ್ಮ ಗಮನದಲ್ಲಿರಲಿ.

ಅತ್ತ, ಅಸಲಿ 417ರ ಬಗ್ಗೆ ಯಾವ ಆದೇಶವೂ ಇಲ್ಲದ ಕಾರಣ ಅದು ಈಗಲೂ ಸೇವೆಯಲ್ಲಿದೆ. ಸೇವೆಯಲ್ಲಿರುವ ವಾಹನವನ್ನು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಅಂಗಳದಲ್ಲಿ ಒಂದು ಸುತ್ತು ಓಡಿಸಬೇಕು. ನಾನೇ ಓಡಿಸುತ್ತಿದ್ದೇನೆ.

4. ತಮ್ಮ ಆದೇಶದ ಆರನೇ ಕಲಮಿನಲ್ಲಿ, ಇದೇ ಮಾದರಿಯ ಬಿಡಿಭಾಗಗಳು ಯಾರ ಬಳಿ ಇದ್ದರೂ ಒಪ್ಪಿಸತಕ್ಕದ್ದು ಎಂದಿದೆ. ನಮ್ಮ ಮಂಚದ ಕೆಳಗೆ ಹನ್ನೊಂದು ಕಿಟ್ ಡಬ್ಬಗಳಿವೆ, ಒಂದನ್ನೂ ಬಿಚ್ಚಿಲ್ಲ. ನನ್ನ ಹೆಂಡತಿ ಜೀವಮಾನದಲ್ಲಿ ಪೂರ್ತಿ ಓದಿದ ಏಕೈಕ ಸರ್ಕಾರಿ ಕಾಗದ ಇದು. ಆರನೇ ಕಲಮನ್ನು ಎರಡು ಸಲ ಓದಿ, "ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಕೊನೆಗೂ ಕೇಳೋರು ಒಬ್ಬರು ಬಂದ್ರಲ್ಲ" ಎಂದಳು. ಡಬ್ಬಗಳನ್ನೆಲ್ಲ ಎಳೆದು ಬಾಗಿಲ ಬಳಿ ಪೇರಿಸಿ ಮಂಚದ ಕೆಳಗೆ ಗುಡಿಸಿದಳು. ಈ ಬಾಬತ್ತಿನಲ್ಲಿ ನನಗಾದ ಸಂಕಟವನ್ನು ಪ್ರತ್ಯೇಕ ಅರ್ಜಿಯಲ್ಲಿ ಸಲ್ಲಿಸುವೆ.

5. ಇನ್ನು ಮುಖ್ಯ ವಿಷಯ. ಹತ್ತೊಂಬತ್ತು ವರ್ಷ 417ನ್ನು ಓಡಿಸಿದವನು ನನ್ನ ಹೆಂಡತಿಯ ತಮ್ಮ. ಎರಡು ವರ್ಷದ ಹಿಂದೆ ಅವನ ಎರಡೂ ಕಣ್ಣು ಹೋದವು. ಮಾದರಿಯನ್ನು ನಾನು ಮಾಡಿದ್ದೇ ಅವನಿಗಾಗಿ. ಪ್ರತಿ ಭಾನುವಾರ ಬರುತ್ತಾನೆ, ಅದನ್ನು ತೊಡೆಯ ಮೇಲಿಟ್ಟುಕೊಂಡು ಚಕ್ರ, ಬಾಗಿಲು, ಏಣಿ ಎಂದು ಒಂದೊಂದಾಗಿ ಬೆರಳಾಡಿಸುತ್ತಾನೆ. ಅಕ್ಕ ಕೊಟ್ಟ ಟೀ ಆರಿಹೋಗಿರುತ್ತದೆ. ಮೂತಿಯ ತಗ್ಗಿಗೆ ಬಂದಾಗ ಬೆರಳು ನಿಲ್ಲುತ್ತದೆ, ನಗುತ್ತಾನೆ. ಆ ತಗ್ಗು ಅವನು ನಮ್ಮ ಘಟಕದ ಗೇಟಿಗೆ ಗುದ್ದಿದಾಗ ಆದದ್ದು. ಗೇಟೇ ಬಂದು ಗುದ್ದಿತೆಂದು ಆಗ ವರದಿ ಬರೆದವನು ನಾನು. ಇಷ್ಟು ವರ್ಷದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ.

ನಿನ್ನೆ ಭಾನುವಾರ ಅವನಿಗೆ ತಮ್ಮ ಆದೇಶ ಓದಿ ಹೇಳಿದೆ. 310 ಗ್ರಾಂಗೆ ಟ್ರೈಲರ್ ಎಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕೈಯನ್ನು ಗಾಡಿಯ ಮೇಲಿಂದ ತೆಗೆಯಲೇ ಇಲ್ಲ.

"ಭಾವ, ಶೆಡ್ಡಿನ ಹಿಂದಿರೋದನ್ನಂತೂ ಒಂದಿನ ಕತ್ತರಿಸ್ತಾರೆ. ಇದನ್ನೂ ಕತ್ತರಿಸಿದ್ರೆ, ನಾನು ಭಾನುವಾರ ಎಲ್ಲಿಗೆ ಬರ್ಲಿ?"

ಅವನು ಹೊರಟ ಮೇಲೆ ನನ್ನ ಹೆಂಡತಿ ಮಾದರಿಯನ್ನು ಸೆರಗಿನಲ್ಲಿ ಒರೆಸಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕೀಲಿ ಎಲ್ಲಿದೆಯೆಂದು ನನಗೂ ಹೇಳಿಲ್ಲ. ಡಬ್ಬಗಳು ಮಾತ್ರ ಇನ್ನೂ ಬಾಗಿಲ ಬಳಿಯೇ ಇವೆ.

6. ನಮ್ಮ ಘಟಕದ ನಿಯಮದಂತೆ, ನಿವೃತ್ತಿಯಾದ ವಾಹನದ ಬಳಿ ಹೊರಗಿನವರು ಸುಳಿಯುವಂತಿಲ್ಲ. ಸೇವೆಯಲ್ಲಿರುವ ವಾಹನವನ್ನಾದರೆ ಮಾಜಿ ಚಾಲಕರು ರಜಾದಿನ ಬಂದು ನೋಡಬಹುದು. ಕಣ್ಣಿನಿಂದಲೇ ನೋಡಬೇಕೆಂದು ನಿಯಮದಲ್ಲಿಲ್ಲ. ದಿನದ ಒಂದು ಸುತ್ತಿನಲ್ಲಿ ಚಾಲಕನ ಜಾಗದಲ್ಲಿ ಯಾರು ಕೂರಬೇಕೆಂದೂ ಇಲ್ಲ. ಅಂಗಳ ಬಟ್ಟಬಯಲು. ಎಡ, ಬಲ ಹೇಳಲು ನಾನು ಪಕ್ಕದಲ್ಲಿರುತ್ತೇನೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ದಯವಿಟ್ಟು ಆದೇಶದ ತಪ್ಪನ್ನು ತಿದ್ದಿ, ಮನೆಯ 417ನ್ನು ಬಿಟ್ಟು ಅಂಗಳದ 417ನ್ನು ನಿವೃತ್ತಿಗೊಳಿಸಬೇಕಾಗಿ ಕೋರುತ್ತೇನೆ. ಆದರೆ ಈ ತಪ್ಪನ್ನು ಬರುವ ಸೋಮವಾರ ತಿದ್ದಬೇಕು. ಅದಕ್ಕೂ ಮೊದಲು ಯಾವ ಕಾರಣಕ್ಕೂ ತಿದ್ದಬಾರದು.

ತಮ್ಮ ವಿಶ್ವಾಸಿಯೂ, ಬಾಯಿಯ ಮೇಲೆ ಹಿಡಿತವಿಲ್ಲದವನೂ ಆದ,
ಹಿರಿಯ ಫಿಟ್ಟರ್

ಲಗತ್ತುಗಳು:
ಅ) 22ನ್ನು 35ರಿಂದ ಗುಣಿಸಿದ ಲೆಕ್ಕ, ಒಂದು ಹಾಳೆ.
ಆ) ಹನ್ನೊಂದು ಡಬ್ಬಗಳ ಪಟ್ಟಿ, ಹೆಂಡತಿಯ ಕೈಬರಹದಲ್ಲಿ. (ನಾನು ಸಹಿ ಹಾಕಿಲ್ಲ.)
ಇ) ಗೇಟು ಬಂದು ಗುದ್ದಿದ ಬಗ್ಗೆ ಹಳೆಯ ವರದಿಯ ಪ್ರತಿ.

ವಿ.ಸೂ.: ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಘಟಕದ ಗೇಟಿನ ಎರಡೂ ಬಾಗಿಲನ್ನು ಪೂರ್ತಿ ತೆರೆದಿಡಿಸಬೇಕಾಗಿ ವಿನಂತಿ. ಗೇಟು ಈಗ ಹೊಸದು.