ಅತ್ತೆಯ ಕುರ್ಚಿಯಲ್ಲಿ ಸೂಪರ್‌ಚಾರ್ಜರ್

ನಮ್ಮ ಅತ್ತೆ ಬೀದಿಯಲ್ಲಿ ನಡೆದು ಬಂದರೆ ಸರ್ವಜ್ಞನಗರದ ಅರ್ಧ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಇನ್ನರ್ಧ ಜನ ತಮಗೇ ತಿಳಿಯದೆ ಬಾಯಿ ತೆರೆಯುತ್ತಾರೆ! ಇಷ್ಟು ಹೇಳಿದ ಮೇಲೆ ಅವರು ಹಲ್ಲಿನ ಡಾಕ್ಟರು ಎಂದು ಬಿಡಿಸಿ ಹೇಳಬೇಕೆ? ನನ್ನ ಅಪ್ಪನ ತಂಗಿ. ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಚರ್ಚಿನ ಪಾದ್ರಿಗಳಿಂದ ಹಿಡಿದು ಮೂಲೆಯ ಬೇಕರಿಯವನ ತನಕ ಎಲ್ಲರ ದವಡೆಯೂ ಅವರಿಗೆ ಪರಿಚಯ. ಹೆಸರು ಮರೆತಾರು, ಮುಖ ಮರೆತಾರು, ಹಲ್ಲು ಮರೆಯುವ ಮಾತೇ ಇಲ್ಲ. ಮದುವೆಮನೆಯಲ್ಲಿ ಯಾರಾದರೂ ನಕ್ಕರೆ ಸಾಕು, "ಓ, ಮೇಲಿನ ಸಾಲು, ಬಲಗಡೆ ಕೊನೇದು! ಚೆನ್ನಾಗಿದೀರಾ?" ಎಂದು ವಿಚಾರಿಸುತ್ತಾರೆ. ಆ ನಗು ಅಲ್ಲಿಗೆ ಮುಗಿಯುತ್ತದೆ.

ಇಂಥ ಅತ್ತೆಗೆ ಕೈ ನಡುಗತೊಡಗಿತು. ಜೀವಕ್ಕೆ ಅಪಾಯವಿಲ್ಲ, ಕೆಲವರಿಗೆ ವಯಸ್ಸಾದಂತೆ ಬರುವ ನಡುಕ, ನಿಧಾನವಾಗಿ ಹೆಚ್ಚಬಹುದು ಎಂದರು ನರದ ಡಾಕ್ಟರು. ಅತ್ತೆ ಮನೆಗೆ ಬಂದವರೇ ಏಣಿ ಹಾಕಿ ಕ್ಲಿನಿಕ್ಕಿನ ಬೋರ್ಡು ಇಳಿಸಿದರು. ಮಾವ ಸಮಾಧಾನ ಹೇಳಲು ಹೋದರು. ಮಾವ ಹಲಸೂರಿನವರು, ಮನೆಮಾತು ತಮಿಳು, ಕನ್ನಡಕ್ಕೂ ಅದನ್ನೇ ಒಂದಿಷ್ಟು ಬೆರೆಸುತ್ತಾರೆ. "ಇನ್ನೇನು ಡಾಕ್ಟ್ರೇ, ಎಷ್ಟು ಜನದ ಹಲ್ಲು ಕಿತ್ತಾಯ್ತು! ಇನ್ಮೇಲೆ ಕೈ ಕಟ್ಕೊಂಡು ನಿಮ್ಮದಿಯಾ ಟಿವಿ ನೋಡು," ಎಂದರು. ಪಾಪ, ಒಳ್ಳೆಯ ಮಾತೇ. ಆದರೆ ಜೀವಮಾನವಿಡೀ ಕೈಯಿಂದಲೇ ಬದುಕಿದವರಿಗೆ ಕೈ ಕಟ್ಟಿಕೋ ಎಂದರೆ ಹೇಗಿರಬೇಡ! ಅತ್ತೆ ಊಟದ ತಟ್ಟೆಯಿಂದ ತಲೆ ಎತ್ತದೆ ಕೂತಿದ್ದರು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು, ನನಗೆ ಸಂಕಟವಾಯಿತು.

ಮನೆಯ ಶೆಡ್ಡಿನಲ್ಲಿ ಒಂದು ಕೆಂಪು ಕಾರಿತ್ತು. ಎರಡೇ ಸೀಟು, ಮಡಚಿಡುವ ಮೇಲ್ಛಾವಣಿ, ಜಪಾನಿನದು. ಇಂದಿರಾನಗರದ ಯಾರೋ ಪೇಷೆಂಟು ನಮ್ಮೂರಿನ ರಸ್ತೆ ಹಂಪುಗಳಿಗೆ ಸೋತು, ಕಾರಿನ ಹೊಟ್ಟೆ ತರಚಿ ತರಚಿ ಸಾಕಾಗಿ, ಅತ್ತೆಗೆ ಮಾರಿದ್ದರು. ಅತ್ತೆ ಹಂಪಿಗೆ ಹೆದರುವವರೇ? ಕಾರನ್ನು ಅಡ್ಡಡ್ಡ ತಿರುಗಿಸಿ ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಾರೆ. ಹಿಂದಿನ ಆಟೋದವರು ಏನೇನನ್ನುತ್ತಾರೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಬೋರ್ಡು ಇಳಿಸಿದ ಕೆಲವು ವಾರಕ್ಕೆ ಅತ್ತೆ ಆ ಕಾರಿನಲ್ಲಿ ಕೆ.ಆರ್. ಪುರದ ತೂಗುಸೇತುವೆ ಏರುತ್ತಿದ್ದಾಗ ಘೋರ ಅಪಮಾನವೊಂದು ನಡೆಯಿತು. ಒಂದು ಹಾಲಿನ ವ್ಯಾನು ಅವರನ್ನು ಹಿಂದೆ ಹಾಕಿತು! ಅತ್ತೆ ನೇರ ಕಮ್ಮನಹಳ್ಳಿಗೆ, ನನ್ನ ಕನ್ನಡಕದ ಅಂಗಡಿಗೆ ಬಂದರು.

"ಹಾರ್ನ್ ಬೇರೆ ಹೊಡೆದ ಕಣೋ! ಹಿಂದೆ ಕ್ರೇಟು ಕುಣೀತಾ ಇತ್ತು!"

"ಹೋಗ್ಲಿ ಬಿಡಿ ಅತ್ತೆ, ಹಾಲು ಕೆಟ್ಟೋಗುತ್ತೆ, ಅವನಿಗೆ ಅರ್ಜೆಂಟು."

"ಇದಕ್ಕೆ ಸೂಪರ್‌ಚಾರ್ಜರ್ ಹಾಕ್ತೀನಿ. ಮನೇಲೇ. ನಾನೇ. ಈ ಕೈಲೇ."

ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿಗೆ ಗಾಳಿ ತುರುಕುವ ಯಂತ್ರ. ಮಾಮೂಲಿ ಎಂಜಿನ್ ತನ್ನ ಪಾಡಿಗೆ ಉಸಿರಾಡುತ್ತದೆ. ಇದು ಬಂದು, ಅಜ್ಜಿ ಮೊಮ್ಮಗನಿಗೆ ತುತ್ತು ತುರುಕಿದ ಹಾಗೆ, ಸಾಕು ಎಂದರೂ ಬಿಡದೆ ಒತ್ತಿ ಒತ್ತಿ ತುಂಬುತ್ತದೆ. ಆಗ ಶಕ್ತಿ ಉಕ್ಕುತ್ತದೆ. ಇದೆಲ್ಲ ಅತ್ತೆ ವಿಡಿಯೋ ನೋಡಿ ಕಲಿತದ್ದು. ಕಾನೂನಿಗೆ ಸರಿಯೋ ಎಂದು ಮಾತ್ರ ನನ್ನನ್ನು ಕೇಳಬೇಡಿ, ನಾನು ಅವರನ್ನು ಕೇಳಲಿಲ್ಲ.

ಮಾವನ ಮುಂದೆ ಶಪಥವೂ ಆಯಿತು. "ಯಾರೂ ಸ್ಪ್ಯಾನರ್ ಮುಟ್ಬಾರ್ದು. ಕಾರು ಓಡಿದ್ರೆ, ನನ್ನ ಕೈ ಬಗ್ಗೆ ಈ ಮನೇಲಿ ಯಾರೂ ಮಾತಾಡ್ಬಾರ್ದು. ಓಡ್ಲಿಲ್ವಾ, ಕುರ್ಚಿ, ಡ್ರಿಲ್ಲು, ಕಾರು ಎಲ್ಲಾ ಕೊಟ್ಬಿಟ್ಟು ನೀವು ಹೇಳ್ದಂಗೆ ಟಿವಿ ಮುಂದೆ ಕೂತ್ಕೋತೀನಿ." ಮಾವ ಸಲೀಸಾಗಿ ಒಪ್ಪಿಕೊಂಡರು. ಹೆಂಡತಿ ಟಿವಿ ಮುಂದೆ ಕೂರುವುದಿಲ್ಲ ಎಂಬ ನಂಬಿಕೆಯೋ, ಕೂತರೆ ಏನು ಗತಿ ಎಂಬ ಭಯವೋ, ಅವರೇ ಬಲ್ಲರು.

ಹೊಸದು ಎಲ್ಲಿ ಸಿಗಬೇಕು? ಶಿವಾಜಿನಗರದ ಗುಜರಿಗೆ ಹೊರಟೆವು. ಹಳೇ ಗಾಡಿಗಳ ಬಿಡಿಭಾಗ ಮಾರುವ ಸಾಬರ ಅಂಗಡಿ. ಅತ್ತೆಯನ್ನು ಕಂಡದ್ದೇ ಆತ ಕೆನ್ನೆಗೆ ಕೈ ಇಟ್ಟುಕೊಂಡು ಎದ್ದು ನಿಂತರು. ಯಾವ ಹಲ್ಲು ಹೋಗಿತ್ತೋ!

"ಸಲಾಂ ಡಾಕ್ಟರಮ್ಮ! ಖಸಮ್ ಸೇ ಅಮ್ಮಾ, ಒರಿಜಿನಲ್ ಜರ್ಮನ್ ಮಾಲ್. ಓಡ್ತಾ ಇದ್ದ ಗಾಡೀದು. ಇವತ್ತು ಐತೆ, ನಾಳೆ ಇರಲ್ಲ."

ತೆಂಗಿನಕಾಯಿಗಿಂತ ದೊಡ್ಡದು, ಹಲಸಿನಹಣ್ಣಿಗಿಂತ ಚಿಕ್ಕದು, ಎಣ್ಣೆ ಮೆತ್ತಿದ ಅಲ್ಯುಮಿನಿಯಂ ಡಬ್ಬ. ಒಳಗೆ ಜಡೆಯ ಹಾಗೆ ತಿರುಚಿದ ಎರಡು ಉರುಳೆಗಳು. ಒಂದರ ಸಂದಿಗೆ ಇನ್ನೊಂದು ಕೂತು ತಿರುಗಬೇಕು. ಒಳ್ಳೆಯ ಅತ್ತೆ ಸೊಸೆಯರ ಹಾಗೆ, ತೀರಾ ಹತ್ತಿರ ಇರಬೇಕು, ಆದರೆ ತಾಗಬಾರದು! ನಮ್ಮ ಅತ್ತೆ ಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು ಡಬ್ಬದ ಬಾಯೊಳಗೆ ಇಳಿಸಿದರು.

"ಬ್ರಷ್ ಮಾಡಿಲ್ಲ," ಎಂದರು.

"ಅಮ್ಮಾ, ಅದು ಮೆಷಿನ್ನು!"

"ಎಡಗಡೆ ಸ್ವಲ್ಪ ಸವೆದಿದೆ. ಬೇರು ಗಟ್ಟಿ ಇದೆ. ತಗೋತೀನಿ. ಎಲ್ಲಿ, ನೀವೂ ಒಂದ್ಸಲ ಬಾಯಿ ತೆಗೀರಿ."

ವ್ಯಾಪಾರ ಆ ಕ್ಷಣಕ್ಕೆ ಕುದುರಿತು. ಸಾಬರು ಬಾಯಿ ತೆರೆಯದೆ, ತಲೆಯಾಡಿಸಿಯೇ ಎಲ್ಲದಕ್ಕೂ ಒಪ್ಪಿದರು. ಆ ಗಲ್ಲಿಯಲ್ಲಿ ಹಾಗೆ ಚೌಕಾಸಿ ಮಾಡಿದವರು ಬೇರೆ ಯಾರೂ ಇರಲಾರರು.

ಮನೆಗೆ ಬಂದ ಡಬ್ಬವನ್ನು ಅತ್ತೆ ಎಲ್ಲಿಟ್ಟರು ಅಂತೀರಿ? ಕ್ಲಿನಿಕ್ಕಿನ ಕುರ್ಚಿಯ ಮೇಲೆ! ಬೆನ್ನು ಒರಗಿಸಿ, ಕೊರಳಿಗೆ ಕಾಗದದ ಬಿಬ್ಬು ಕಟ್ಟಿ, ಮೇಲಿನ ದೀಪ ಹೊತ್ತಿಸಿದರು. ಕಾಫಿ ತಂದ ಮಾವ ಬಾಗಿಲಲ್ಲೇ ನಿಂತರು.

"ಯಾರಿದು ಹೊಸ ಪೇಷೆಂಟು?"

"ಜರ್ಮನಿಯವರು. ಕನ್ನಡ ಬರಲ್ಲ, ಹಲ್ಲು ನೋಯಿಸಿದ್ರೂ ಕೂಗಲ್ಲ. ಇಂಥವರು ಮೊದಲೇ ಸಿಕ್ಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು!"

ಜರ್ಮನಿಯ ಡಬ್ಬವನ್ನು ಜಪಾನಿನ ಎಂಜಿನ್ನಿಗೆ ಕೂರಿಸುವುದೆಂದರೆ ಯಾರದೋ ಹಲ್ಲುಸೆಟ್ಟನ್ನು ಇನ್ಯಾರದೋ ಬಾಯಿಗೆ ಹಾಕಿದ ಹಾಗೆ. ನಡುವೆ ಒಂದು ಕಬ್ಬಿಣದ ಪಟ್ಟಿ ಬೇಕು, ಅಳತೆ ಯಾರಿಗೂ ಗೊತ್ತಿಲ್ಲ. ಅತ್ತೆಗೆ ಅದು ಯಾವ ಲೆಕ್ಕ! ದವಡೆಯ ಅಚ್ಚು ತೆಗೆಯುವ ಗುಲಾಬಿ ಹಿಟ್ಟು ಕಲಸಿ, ಎಂಜಿನ್ನಿನ ಪಕ್ಕಕ್ಕೆ ಮೆತ್ತಿ, ಗಟ್ಟಿಯಾದ ಮೇಲೆ ಕಿತ್ತು, ಹಲಸೂರಿನ ಲೇತ್ ಅಂಗಡಿಗೆ ಒಯ್ದರು. ಅಂಗಡಿಯವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮೂಸಿ, ಪುದೀನ ವಾಸನೆ ಬಂದು ಗಾಬರಿಯಾಗಿ, "ಇದು ಆನೇದಾಮ್ಮಾ?" ಎಂದು ಕೇಳಿದನಂತೆ.

ಪಟ್ಟಿ ಬಂತು. ಹಲ್ಲು ತುಂಬಿಸಿಕೊಂಡವರಿಗೆ ಗೊತ್ತು, ಡಾಕ್ಟರು ಕೊನೆಗೆ ಒಂದು ನೀಲಿ ಕಾಗದ ಕಚ್ಚಿಸುತ್ತಾರೆ. ಎಲ್ಲಿ ನೀಲಿ ಹೆಚ್ಚಾಗಿ ಅಂಟಿತೋ ಅಲ್ಲಿ ಉಬ್ಬಿದೆ ಎಂದರ್ಥ. ಅತ್ತೆ ಪಟ್ಟಿಗೂ ಎಂಜಿನ್ನಿಗೂ ನಡುವೆ ಅದೇ ಕಾಗದ ಇಟ್ಟು ಒತ್ತುತ್ತಾರೆ, ನೀಲಿ ಕಂಡಲ್ಲಿ ಸಣ್ಣ ಡ್ರಿಲ್ಲಿನಿಂದ ಕೆರೆಯುತ್ತಾರೆ, ಮತ್ತೆ ಒತ್ತುತ್ತಾರೆ. ಕಿರುಬೆರಳನ್ನು ಲೋಹದ ಮೇಲೆ ಊರಿಕೊಂಡರೆ ಕೈ ಹಿಡಿತಕ್ಕೆ ಬರುತ್ತಿತ್ತು. "ಪೇಷೆಂಟ್ ಗದ್ದದ ಮೇಲೆ ಬೆರಳು ಊರೋದು ಮೊದಲನೇ ಪಾಠ ಕಣೋ. ಈಗ ಗದ್ದ ಕಬ್ಬಿಣದ್ದು, ಅಷ್ಟೇ." ಡ್ರಿಲ್ಲು ಕುಯ್ಯೋ ಎನ್ನುವಾಗೆಲ್ಲ ಗೋಡೆಯಾಚೆಯ ಫ್ಲಾಟಿನವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಕ್ಲಿನಿಕ್ಕು ಮತ್ತೆ ತೆರೆಯಿತೆಂದು ಹೆದರಿರಬೇಕು. ನಾನು ಟಾರ್ಚು ಹಿಡಿದು ನಿಂತು ಬೆರಗಿನಿಂದ ನೋಡುತ್ತಿದ್ದೆ. ಎಂಥ ಕೈ ಅದು!

ಆದರೆ ಎಂಜಿನ್ನಿನ ಹಿಂದೆ ಒಂದು ಬೋಲ್ಟು. ಅಲ್ಲಿ ಬೆರಳು ಊರಲು ಜಾಗವೇ ಇಲ್ಲ. ಕೈಯನ್ನು ಸಂದಿಯಲ್ಲಿ ತೂರಿಸಿ, ಕಣ್ಣಿಗೆ ಕಾಣದ ತೂತನ್ನು ಹುಡುಕಿ ಬೋಲ್ಟು ಕೂರಿಸಬೇಕು. ಅತ್ತೆ ಬಾನೆಟ್ಟಿನ ಅಂಚಿಗೆ ದಿಂಬು ಹಾಕಿಕೊಂಡು ಬಗ್ಗಿದರು. ಬೋಲ್ಟು ಟಣ್ ಎಂದು ಬಿತ್ತು. ನಾನು ಕಾರಿನಡಿ ತೆವಳಿ ತಂದುಕೊಟ್ಟೆ. ಮತ್ತೆ ಟಣ್. ಮತ್ತೆ ತಂದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಇದೇ ಆಟ. ಕೊನೆಗೆ ಅತ್ತೆ ಸ್ಪ್ಯಾನರು ಕೆಳಗಿಟ್ಟು, ಒಳಗೆ ಹೋಗಿ, ಖಾಲಿಯಾಗಿದ್ದ ಕ್ಲಿನಿಕ್ಕಿನ ಕುರ್ಚಿಯಲ್ಲಿ ತಾವೇ ಒರಗಿ ಸೂರು ನೋಡುತ್ತಾ ಮಲಗಿದರು.

"ಅತ್ತೆ, ಒಂದೇ ಒಂದು ಬೋಲ್ಟು. ನಾನು ಹಾಕ್ಬಿಡ್ಲಾ?"

"ಹಾಕು. ಆಮೇಲೆ ಆ ಟಿವಿ ರಿಮೋಟ್ ತಂದು ನನ್ನ ಕೈಗೆ ಕೊಡು."

ಆಗ ಮಾವ ಬಂದರು. ಎಂದಿನಂತೆ ಕುಚೋದ್ಯ ಮಾಡುತ್ತಾರೆ ಅಂದುಕೊಂಡೆ, ಮಾಡಲಿಲ್ಲ. ಹೆಂಡತಿಯನ್ನು ಎಬ್ಬಿಸಿ ಶೆಡ್ಡಿಗೆ ಕರೆದುಕೊಂಡು ಹೋಗಿ, ಅವರು ಬಗ್ಗಿದಾಗ ಪಕ್ಕದಲ್ಲೇ ಬಗ್ಗಿ, ಮೊಣಕೈಯನ್ನು ಎರಡೂ ಅಂಗೈಯಲ್ಲಿ ಬಟ್ಟಲ ಹಾಗೆ ಹಿಡಿದುಕೊಂಡರು.

"ರೀ! ಯಾರೂ ಮುಟ್ಬಾರ್ದು ಅಂದಿಲ್ವಾ ನಾನು?"

"ನಾನೆಲ್ಲಿ ಬೋಲ್ಟ್ ಮುಟ್ಟಿದೆ? ಹೆಂಡ್ತೀನ ಮುಟ್ಟಿದೀನಿ. ಅದಕ್ಕೂ ಪರ್ಮಿಷನ್ ವೇಣುಮಾ?"

ಅತ್ತೆ ಮತ್ತೆ ಕೈಯನ್ನು ಸಂದಿಗೆ ತೂರಿಸಿದರು. ಆಮೇಲೆ ಬೋಲ್ಟು ತೂತಿಗೆ ಕಚ್ಚಿಕೊಂಡು ತಿರುಗುವ ಸದ್ದು ಬಂತು. ಅವರಿಬ್ಬರನ್ನೂ ಹಾಗೆ ನೋಡುವುದು ಸರಿಯಲ್ಲವೆಂದು ನಾನು ಟಾರ್ಚನ್ನು ಆಚೆ ತಿರುಗಿಸಿದೆ. "ಲೋ, ಬೆಳಕು!" ಎಂದು ಇಬ್ಬರೂ ಒಟ್ಟಿಗೆ ಗದರಿದರು.

ಮೊದಲ ಸಲ ಸ್ಟಾರ್ಟ್ ಮಾಡಲು ಮಾವ ಆಯುಧಪೂಜೆಯ ದಿನವನ್ನೇ ಗೊತ್ತು ಮಾಡಿದರು. ಬಾಳೆಕಂದು ಕಟ್ಟಿದರು, ಚಕ್ರಗಳಡಿ ನಿಂಬೆಹಣ್ಣು ಇಟ್ಟರು, ಬಾನೆಟ್ಟು ತೆರೆದು ಸೂಪರ್‌ಚಾರ್ಜರಿಗೆ ಅರಿಶಿನ, ಕುಂಕುಮ, ವಿಭೂತಿ ಎಲ್ಲವನ್ನೂ ಹಚ್ಚಿದರು. ಗಾಳಿ ಎಳೆದುಕೊಳ್ಳುವ ಬಾಯಿಗೆ ಫಿಲ್ಟರು ಇನ್ನೂ ಹಾಕಿರಲಿಲ್ಲ. ಆ ಬಾಯಿಯ ಸುತ್ತ ಮಾವ ದಪ್ಪನೆಯ ಸೇವಂತಿಗೆ ಹಾರವನ್ನು ಅಲಂಕಾರವಾಗಿ ಸುತ್ತಿದರು. ದೇವರ ಕೊರಳೋ ಎಂಬಷ್ಟು ಚೆನ್ನಾಗಿ ಕಂಡಿತು. ನಾನೂ ಫೋಟೋ ತೆಗೆದೆ, ಅತ್ತೆಯೂ ಕೈಮುಗಿದರು. ಮೂರು ಜನರಲ್ಲಿ ಒಬ್ಬರಿಗಾದರೂ ಬುದ್ಧಿ ಓಡಬಾರದೇ?

ಮಾವ ಕುಂಬಳಕಾಯಿ ಒಡೆದರು. ಅತ್ತೆ ಕೀ ತಿರುಗಿಸಿದರು. ಎಂಜಿನ್ ಎದ್ದಿತು! ಅತ್ತೆ ಆಕ್ಸಿಲರೇಟರ್ ಒತ್ತಿದರು. ಸೂಪರ್‌ಚಾರ್ಜರು ಶಂಖ ಊದಿದ ಹಾಗೆ ಊಳಿಟ್ಟು, ಹಾರದ ತುದಿಯನ್ನು ಹಿಡಿದು, ಶಾವಿಗೆ ಎಳೆದ ಹಾಗೆ ಸೊರ್ರನೆ ಇಡೀ ಹಾರವನ್ನು ನುಂಗಿಬಿಟ್ಟಿತು! ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಶೆಡ್ಡಿನ ತುಂಬ ಸುಟ್ಟ ಹೂವಿನ ವಾಸನೆ. ನಾನು ಅತ್ತೆಯ ಮುಖ ನೋಡಿದೆ. ಎಲ್ಲ ಮುಗಿದೇಹೋಯಿತೇ?

"ಮುರುಗಾ!" ಎಂದರು ಮಾವ, ಕೈ ಜೋಡಿಸಿ. "ಇಷ್ಟು ವರ್ಷ ಪೂಜೆ ಮಾಡಿದೀನಿ. ಇಷ್ಟು ಡೈರೆಕ್ಟಾಗಿ ಯಾರೂ ಸ್ವೀಕರಿಸಿರಲಿಲ್ಲ!"

ಅತ್ತೆ ನಕ್ಕರು. ನಕ್ಕು ನಕ್ಕು ಸ್ಟೀರಿಂಗಿನ ಮೇಲೆ ತಲೆ ಇಟ್ಟರು. ಆಮೇಲೆ ಇಡೀ ಯಂತ್ರವನ್ನು ಬಿಚ್ಚಿ ಮತ್ತೆ ಕುರ್ಚಿಗೆ ತಂದು, ಚಿಮಟದಿಂದ ಒಂದೊಂದೇ ಎಸಳು ಕೀಳತೊಡಗಿದರು. ಪುಣ್ಯಕ್ಕೆ ಹಾರ ಕಟ್ಟಿದ್ದು ಬಾಳೆನಾರಿನಲ್ಲಿ, ತಂತಿಯಿರಲಿಲ್ಲ, ಉರುಳೆಗಳಿಗೆ ಗೀರೂ ಬಿದ್ದಿರಲಿಲ್ಲ. "ಬಾಯಿ ಮುಕ್ಕಳಿಸದೇ ಬಂದ ಪೇಷೆಂಟು ಇದೇನು ಹೊಸದಾ?" ಎಂದರು. ಮತ್ತೆ ಜೋಡಿಸಿದರು. ಹಿಂದಿನ ಬೋಲ್ಟಿಗೆ ಮಾವ ಹೇಳಿಸಿಕೊಳ್ಳದೆ ಬಂದು ಬಗ್ಗಿದರು. ಈ ಸಲ ಫಿಲ್ಟರನ್ನು ಎಲ್ಲಕ್ಕಿಂತ ಮೊದಲು ಹಾಕಿದರು.

ಮುಂದಿನ ಭಾನುವಾರ ಬೆಳಗ್ಗೆ ಕಾರು ರಸ್ತೆಗಿಳಿಯಿತು. ಎರಡೇ ಸೀಟಲ್ಲವೇ? "ನೀನು ಹೋಗಪ್ಪಾ, ನಾನು ಇಲ್ಲೇ ಸ್ತೋತ್ರ ಹೇಳ್ತಿರ್ತೀನಿ," ಎಂದು ಮಾವ ನನ್ನನ್ನು ಮುಂದೆ ದೂಡಿದರು. ಹಲಸೂರು ಕೆರೆಯ ಪಕ್ಕದ ರಸ್ತೆ ಖಾಲಿ. ಅತ್ತೆ ಒತ್ತಿದರು. ಕಾರು ಹಾರಿತು ಸ್ವಾಮಿ! ಯಂತ್ರ ಕೀಚಲು ದನಿಯಲ್ಲಿ ಕೂಗುತ್ತಿದೆ, ಮರಗಳು ಹಿಂದಕ್ಕೆ ಓಡುತ್ತಿವೆ, ನಾನು ಮನೆದೇವರಿಂದ ಹಿಡಿದು ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದೇನೆ. ಅತ್ತೆಯ ಮುಖದಲ್ಲಿ ಮಾತ್ರ ಮೊದಲ ಬಾರಿ ಪೇಷೆಂಟಿನ ಹಲ್ಲು ಕಿತ್ತ ಹುಡುಗಿಯ ಖುಷಿ.

ಕೆರೆಯ ಇನ್ನೊಂದು ಬದಿಗೆ ಬಂದು ಕಾರು ನಿಲ್ಲಿಸಿದರು. ಗೆದ್ದುಬಿಟ್ಟಿರಿ ಅತ್ತೆ, ಇನ್ನು ನಿಮ್ಮ ಕೈಗೆ ಯಾರೂ ಏನೂ ಅನ್ನುವಂತಿಲ್ಲ ಎಂದು ನಾನು ಕೂಗಾಡಿದೆ. ಅವರು ಸುಮ್ಮನೆ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ಕಾರಿನಿಂದ ಇಳಿದು, ನನ್ನ ಕಡೆಯ ಬಾಗಿಲು ತೆರೆದರು.

"ಆ ಕಡೆ ಕೂತ್ಕೋ. ಇನ್ಮೇಲೆ ನೀನೇ ಓಡಿಸು."

"ಯಾಕತ್ತೆ? ಇಷ್ಟು ಚೆನ್ನಾಗಿ ಓಡಿಸಿದ್ರಲ್ಲ!"

"ಅದಕ್ಕೇ ಕಣೋ. ಚೆನ್ನಾಗಿ ಓಡಿಸಿದ ದಿನವೇ ಕೊಡ್ಬೇಕು. ಯಾರಾದ್ರೂ ಬಂದು ಕಿತ್ಕೊಳ್ಳೋವರ್ಗೂ ಕಾಯ್ಬಾರ್ದು."

ಸ್ಟೀರಿಂಗ್ ಹಿಂದೆ ಕೂತೆ, ಗೇರಿನ ಮೇಲೆ ಕೈ ಇಟ್ಟೆ. ಅತ್ತೆ ಪಕ್ಕದ ಸೀಟಿನಲ್ಲಿ ಕೂತು, ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು, "ನಿಧಾನ, ನಾನಿದೀನಿ," ಎಂದರು. ಎಂಜಿನ್ನು ಇನ್ನೂ ಸ್ಟಾರ್ಟ್ ಮಾಡಿರಲಿಲ್ಲ. ಆದರೂ ನಮ್ಮಿಬ್ಬರ ಕೈಗಳೂ ನಡುಗುತ್ತಿದ್ದವು, ಮತ್ತು ಹೆಚ್ಚು ನಡುಗುತ್ತಿದ್ದದ್ದು ನನ್ನದು.