ಸರ್ಕಾರಿ ಹುಲ್ಲಿಗೆ ಗೊಬ್ಬರ ಹೊಡೆದ ದಿನಗಳು

ಜೋಳ ಬೆಳೆಯುವ ಸೀಮೆಯಲ್ಲಿ ಬರೀ ಕಣ್ಣಿಗೆ ಚಂದ ಕಾಣಲೆಂದು ಹುಲ್ಲು ಬೆಳೆಸಲು ಹೊರಟರೆ ಎಡವಟ್ಟುಗಳು ಆಗದೇ ಇರುತ್ತವೆಯೇ? ಆಗುತ್ತಲೇ ಇದ್ದವು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ರಾಯಚೂರಿನಲ್ಲಿ ಸರ್ಕಾರಿ ಬಂಗಲೆಗಳನ್ನು ನೋಡಿಕೊಳ್ಳುವ ಓವರ್‌ಸಿಯರ್. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆ ಬಂಗಲೆ. ಮೂರಕ್ಕೂ ಸೇರಿ ಒಂದು ಕೆಂಪು ಟ್ರ್ಯಾಕ್ಟರ್, ಒಬ್ಬ ಡ್ರೈವರ್, ಒಬ್ಬ ಮಾಲಿ.

ಡ್ರೈವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ವಯಸ್ಸಾದವರು, ಯಾವುದಕ್ಕೂ ಗಾಬರಿಯಾಗದ ಮನುಷ್ಯ. ಮಾಲಿ ದೇವದುರ್ಗದ ಕಡೆಯ ಕುರುಬರ ಮನೆಯವನು, ಕುರಿ ಬಿಟ್ಟು ನೌಕರಿಗೆ ಬಂದಿದ್ದ. ನೌಕರಿ ಮಾತ್ರ ದಿನಗೂಲಿಯದು. ಅವನ ಮಾವನಿಗೆ ಇದು ಸಹಿಸದು.

"ನಾ ಕುರಿ ಕಾಯ್ತೀನಿ, ನೀ ಹುಲ್ಲು ಕಾಯ್ತಿ. ನನ್ನ ಕುರಿಯರ ಮರಿ ಹಾಕ್ತಾವ, ನಿನ್ನ ಹುಲ್ಲು ಏನ್ ಹಾಕ್ತದ? ದಸರಿ ಒಳಗ ಕಾಯಂ ಆಗಲಿಲ್ಲಂದ್ರ ಸುಮ್ನ ಕೋಲು-ಬಡಗಿ ಹಿಡಕೊಂಡು ನನ್ನ ಕುರಿ ಹಿಂದ ಬಾ" ಎಂದು ಬೀಗರ ಮುಂದೆಯೇ ಹೇಳಿಬಿಟ್ಟಿದ್ದ. ಪಾಪ, ಮಾಲಿ ಆ ಮಾತನ್ನು ನನಗೆ ಹೇಳುವಾಗ ತಲೆ ಎತ್ತಿರಲಿಲ್ಲ.

ಅಷ್ಟರಲ್ಲಿ ಮೈಸೂರು ಕಡೆಯಿಂದ ಹೊಸ ಸಾಹೇಬರು ಬಂದರು. ಅವರಿಗೆ ಲಾನ್ ಎಂದರೆ ಪ್ರಾಣ. "ದಸರಾಕ್ಕೆ ಮುಂಚೆ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರ್ತಾರೆ. ಮೂರರಲ್ಲಿ ಒಂದು ಲಾನ್ ಆದರೂ ಅವರಿಗೆ ಹಿಡಿಸಲಿ, ನಿನ್ನನ್ನು ಕಾಯಂ ಮಾಡಿಸೋದು ನನ್ನ ಜವಾಬ್ದಾರಿ" ಎಂದು ಮಾಲಿಗೆ ಮಾತು ಕೊಟ್ಟರು. ಮಾಲಿ ಆವತ್ತು ಟ್ರ್ಯಾಕ್ಟರಿಗೂ ಕೈ ಮುಗಿದ.

ಎರಿ ಮಣ್ಣಿನ ಮೇಲೆ ಚಹಾ

ಮೊದಲು ರಾಯಚೂರು. ಹುಲ್ಲಿನ ಮೇಲೆ ಒಳ್ಳೆಯ ಫಲವತ್ತಾದ ಮಣ್ಣನ್ನು ತೆಳ್ಳಗೆ ಹರಡಬೇಕು ಎಂದು ಸಾಹೇಬರ ಅಪ್ಪಣೆಯಾಯಿತು. ನಮ್ಮ ಕಡೆ ಫಲವತ್ತಾದ ಮಣ್ಣೆಂದರೆ ಎರಿ ಮಣ್ಣು, ಕಪ್ಪು ಬಂಗಾರ. ಚಾಚಾ ಗಿಲ್ಲೆಸುಗೂರಿನ ಕಡೆಯ ಹೊಲದಿಂದ ಟ್ರೇಲರ್ ಮೇಲೆ ಟ್ರೇಲರ್ ಹೊಡೆದು ತಂದರು. ಟ್ರ್ಯಾಕ್ಟರಿನ ಹಿಂದೆ ಹಲಗೆ ಕಟ್ಟಿ, ಗೋಡೆಗೆ ಗಿಲಾವು ಮಾಡಿದಂತೆ ನುಣ್ಣಗೆ ಎಳೆದರು. ಸಾಹೇಬರು ಹಿಗ್ಗಿ ಹೀರೇಕಾಯಿಯಾಗಿ, ಊರಿನ ದೊಡ್ಡವರನ್ನೆಲ್ಲ ಅಲ್ಲಿಗೇ ಚಹಾಕ್ಕೆ ಕರೆದರು.

ಮಧ್ಯಾಹ್ನ ಒಂದು ಮಳೆ ಬಿತ್ತು. ಮಳೆ ಬಿದ್ದ ಎರಿಯಲ್ಲಿ ಎತ್ತು ಸಹ ಯೋಚಿಸಿ ಕಾಲಿಡುತ್ತದೆ. ಇದು ನಮಗೆಲ್ಲ ಗೊತ್ತು, ಆದರೆ ಸಾಹೇಬರಿಗೆ ಹೇಳುವವರು ಯಾರು? ಸಂಜೆ ಎಲ್ಲರೂ ಬಂದು ಕೂತರು. ಕೂತ ಹಾಗೆಯೇ ಕುರ್ಚಿಗಳು ಒಂದೊಂದೇ ಒಳಗಿಳಿಯತೊಡಗಿದವು. ವಕೀಲರೊಬ್ಬರು ಎರಡು ಮಾತಾಡಲೆಂದು ಎದ್ದರು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಅವರನ್ನು ಎಳೆಯಲು ಹೋದ ಡಾಕ್ಟರರ ಬೂಟೂ ಅಲ್ಲೇ ಉಳಿಯಿತು. ಕೊನೆಗೆ ಊರಿನ ಗಣ್ಯರೆಲ್ಲ ಬರಿಗಾಲಲ್ಲಿ ಜಗಲಿ ಸೇರಿದರು.

ಸಾಹೇಬರು ಅಳುವ ದನಿಯಲ್ಲಿ, "ಚಪ್ಪಲಿಗಳನ್ನು ಹೇಗ್ರೀ ತೆಗೆಸೋದು?" ಎಂದರು.

ಚಾಚಾ ಬೀಡಿ ಹಚ್ಚುತ್ತ, "ಈಗ ಬರಂಗಿಲ್ಲ ಸಾಬ್. ಬ್ಯಾಸಗ್ಯಾಗ ಎರಿ ಬಿರಿತದ, ಆವಾಗ ತಾವಾ ಹೊರಗ ಬರ್ತಾವ. ಎಲ್ಲಾರ್ಗೂ ಯುಗಾದಿಗಿ ಬರ್ರಿ ಅಂತ ಹೇಳಿಬಿಡ್ರಿ" ಎಂದರು.

ಟ್ರ್ಯಾಕ್ಟರಿನ ಸೂಟಿ

ರಾಯಚೂರಿನ ಲಾನ್ ಕೈಬಿಟ್ಟು ಮಾನ್ವಿಗೆ ಹೋದೆವು. ಈ ಸಲ ಮಣ್ಣು ಬೇಡ, ಗೊಬ್ಬರ ಹಾಕೋಣ ಎಂದರು ಸಾಹೇಬರು. ಒಂದು ಸೋಮವಾರ ಅವರು ಜೀಪಿನಲ್ಲಿ ಬಂದು ನೋಡಿದರೆ ಟ್ರ್ಯಾಕ್ಟರ್ ಬೇವಿನ ಗಿಡದ ನೆರಳಲ್ಲಿ ನಿಂತಿದೆ. ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಮುಂದೊಂದು ಹೂವಿನ ಸರ ಹಾಕಲಾಗಿದೆ. ಚಾಚಾ ಅದರ ಕೆಳಗೆ ಹಾಯಾಗಿ ಮಲಗಿದ್ದಾರೆ.

"ಯಾಕೆ ಕೆಲಸ ನಿಂತಿದೆ?"

ಮಾಲಿ ಕೈ ಕಟ್ಟಿ ನಿಂತ. "ಇವತ್ತ ಸೋಮಾರ ಅಲ್ರೀ. ಬಸವಣ್ಣನ ವಾರ. ನಮ್ಮ ಕಡಿ ಎತ್ತು ಹೂಡಂಗಿಲ್ರೀ."

"ಇದು ಎತ್ತಲ್ಲ, ಟ್ರ್ಯಾಕ್ಟರ್!"

"ಹೊಲಕ್ಕ ಹೋಗ್ತದ, ನೇಗಿಲು ಕಟ್ಟಿ ಗಳೇ ಹೊಡಿತದ, ಗೊಬ್ಬರ ಎಳಿತದ. ಮತ್ತ ಎತ್ತಲ್ದ ಏನ್ರೀ ಅದು? ಸೋಮಾರ ಹೂಡಿದ್ರ ಛಲೋ ಅಲ್ರೀ, ನಡುದಾರ್ಯಾಗ ಕೂತುಬಿಡ್ತದ."

ಸಾಹೇಬರಿಗೆ ರೇಗಿತು. "ಹಾಗಾದರೆ ನನ್ನ ಜೀಪೂ ಸೋಮವಾರ ಓಡಬಾರದೋ?"

ಮಾಲಿ ಜೀಪನ್ನು ಒಂದು ಸುತ್ತು ನೋಡಿ ಬಂದು ಹೇಳಿದ: "ಓಡಬಹುದ್ರೀ. ಅದು ಗಳೇ ಹೊಡಿಯಂಗಿಲ್ಲಲ್ರೀ, ಕುದುರಿ ಲೆಕ್ಕ."

ಲಾನ್ ಎಲ್ಲಿ ಹೋಯಿತು?

ಮಂಗಳವಾರದಿಂದ ಗೊಬ್ಬರ ಬಂತು. ಬಾಗಲವಾಡದ ರೈತರೊಬ್ಬರ ತಿಪ್ಪೆ, ಎಷ್ಟೋ ವರ್ಷ ಕೊಳೆತು ಚಹಾಪುಡಿಯಂತಾಗಿತ್ತು. ಹಾಗೇ ಹರಡಿದೆವು, ನೀರು ಬಿಟ್ಟೆವು. ಆದರೆ ತಿಪ್ಪೆ ಎಂದರೆ ಒಂದು ಮನೆಯ ಅಡುಗೆಯ ಚರಿತ್ರೆಯೆಲ್ಲ ಅದರೊಳಗಿರುತ್ತದೆ. ತಿಂಗಳು ಕಳೆಯುವುದರೊಳಗೆ ಲಾನ್ ತುಂಬ ಪುಂಡಿಸೊಪ್ಪು ಎದ್ದಿತು. ನಡುನಡುವೆ ಟೊಮೆಟೊ, ಬೇಲಿಗೆ ಹೀರೆಬಳ್ಳಿ. ಓಣಿಯ ಹೆಣ್ಣುಮಕ್ಕಳು ಉಡಿ ತುಂಬಿಕೊಂಡು ಹೋಗತೊಡಗಿದರು. ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದ, ನಾವೆಲ್ಲ ಯವ್ವ ಎನ್ನುತ್ತಿದ್ದ ಹೆಂಗಸಂತೂ ಸಂತೆಗೆ ಹೋಗುವುದನ್ನೇ ಬಿಟ್ಟಳು.

ಸಾಹೇಬರು ಕತ್ತಲಾಗುವ ಹೊತ್ತಿಗೆ ಬಂದರು, ಹಸಿದಿದ್ದರು, ನೇರ ಊಟಕ್ಕೆ ಕೂತರು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಒಗ್ಗರಣೆಯ ಬಳ್ಳೊಳ್ಳಿ. ಬಾಯಿ ಚಪ್ಪರಿಸುತ್ತ ಉಂಡು, ಮತ್ತೆ ಬಡಿಸಿಕೊಂಡು ನನ್ನ ಕಡೆ ತಿರುಗಿದರು. "ಅಷ್ಟು ಗೊಬ್ಬರ ಹೊಡೆದಿರಲ್ಲ, ಎಲ್ರೀ ಲಾನು?"

ನಾನು ಬಾಯಿ ತೆರೆಯುವ ಮೊದಲೇ ಯವ್ವ ಹೇಳಿದಳು: "ಈಗ ಎರಡ್ನೇ ಸಲ ಹಾಕ್ಸಿಕೊಂಡ್ರಲ್ರೀ ಸಾಹೇಬ್ರ, ಅದಾ ನೋಡ್ರಿ."

ಬಂದ್ ಆಗದ ಮಷೀನು

ನಾವೆಲ್ಲ ನಕ್ಕೆವು, ಮಾಲಿ ನಗಲಿಲ್ಲ. ಎರಡು ಲಾನ್ ಹೋಗಿದ್ದವು. ದಸರಾ ಹತ್ತಿರವಾಗಿತ್ತು. ಉಳಿದದ್ದು ದೇವದುರ್ಗ ಒಂದೇ. ಅಲ್ಲಿ ಗರಿಕೆ ದಟ್ಟವಾಗಿತ್ತು, ಆದರೆ ಮೊಣಕಾಲುದ್ದ ಬೆಳೆದು ಕೆದರಿತ್ತು. ದೊಡ್ಡ ಸಾಹೇಬರು ಮಂಗಳವಾರ ಬೆಳಿಗ್ಗೆ ಅಲ್ಲಿಗೇ ಬರುವುದೆಂದು ಗೊತ್ತಾಯಿತು. ಸೋಮವಾರವೇ ಹುಲ್ಲು ಕತ್ತರಿಸಿ ಗೊಬ್ಬರ ಹರಡಲೇಬೇಕೆಂದು ನಮ್ಮ ಸಾಹೇಬರು ಹಟ ಹಿಡಿದರು.

"ಸೋಮಾರ ಬ್ಯಾಡ್ರೀ" ಎಂದು ಮಾಲಿ ಗೋಗರೆದ. ಯಾರು ಕೇಳುತ್ತಾರೆ? ಹುಲ್ಲು ಕತ್ತರಿಸುವ ಯಂತ್ರವನ್ನೂ ಗೊಬ್ಬರವನ್ನೂ ನಮ್ಮನ್ನೂ ಹೇರಿಕೊಂಡು ಹೊರಟ ಟ್ರ್ಯಾಕ್ಟರ್ ಗಬ್ಬೂರಿನ ಹತ್ತಿರ ಢಬ್ ಎಂದು ನಿಂತುಬಿಟ್ಟಿತು. ಚಾಚಾ ಬಾನೆಟ್ ಎತ್ತಿ ನೋಡಿ, "ದಿಲ್ ಹೋಗ್ಯಾದ ಸಾಬ್" ಎಂದರು. ಮಾಲಿ ನನ್ನ ಮುಖ ನೋಡಿದ. ಸಿಕ್ಕ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದ.

ನಮ್ಮ ಕಡೆ ಹೊಲಕ್ಕೆ ಗೊಬ್ಬರ ಬೇಕೆಂದರೆ ಟ್ರ್ಯಾಕ್ಟರ್ ಬರುವುದಕ್ಕೂ ಮುಂಚಿನ ಒಂದು ಪದ್ಧತಿ ಉಂಟು. ಬಿತ್ತುವ ಮೊದಲು ಕುರುಬರನ್ನು ಕರೆದು ಇಡೀ ಹಿಂಡನ್ನು ಹೊಲದಲ್ಲಿ ತಂಗಿಸುತ್ತಾರೆ. ಬೆಳಗಾಗುವುದರೊಳಗೆ ಹಿಕ್ಕೆ ಬಿದ್ದು ಹೊಲವೆಲ್ಲ ಗೊಬ್ಬರ. ಮಾಲಿ ಮಾನ ಬಿಟ್ಟು ಮಾವನ ಕಾಲಿಗೆ ಬಿದ್ದು, ಅವನ ಹಿಂಡನ್ನು ತಂದು ಬಂಗಲೆಯ ಅಂಗಳದಲ್ಲಿ ಕೂಡಿಹಾಕಿದ. ಒಂದು ಮಾತನ್ನು ಮಾತ್ರ ಮರೆತಿದ್ದ. ಕುರಿ ತಂಗಿಸುವುದು ಖಾಲಿ ಹೊಲದಲ್ಲಿ.

ಬೆಳಿಗ್ಗೆ ನಾನೂ ಸಾಹೇಬರೂ ಜೀಪಿನಿಂದ ಇಳಿದು ಅಂಗಳ ನೋಡಿದೆವು. ಉಗುರಿಗಿಂತ ಉದ್ದದ ಎಸಳು ಒಂದೂ ಇರಲಿಲ್ಲ. ಅದರ ಮೇಲೆ ಕರಿಮೆಣಸು ಚೆಲ್ಲಿದಂತೆ ಹಿಕ್ಕೆ. ಮಾಲಿ ಬಿಳಿಚಿಕೊಂಡು ನಿಂತಿದ್ದ.

"ಗೊಬ್ಬರ ಹಾಕ್ಯಾವ್ರೀ" ಎಂದ ಮೆಲ್ಲಗೆ. "ಖರೇ, ಅದಕ್ಕೂ ಮೊದ್ಲು ಉಂಡಾವ."

ಬೈಯಲು ಸಮಯವಿರಲಿಲ್ಲ. ಮಾವ ಹಿಂಡನ್ನು ಬಂಗಲೆಯ ಹಿಂದಕ್ಕೆ ಅಟ್ಟಿದ, ಇತ್ತ ದೊಡ್ಡ ಸಾಹೇಬರ ಕಾರು ಬಂದೇಬಿಟ್ಟಿತು. ಅವರು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಹಾಕಿ ಬಗ್ಗಿ ನೋಡಿದರು.

"ಭೇಷ್! ಜಮಖಾನ ಹಾಸಿದ ಹಾಗಿದೆ. ಗೊಬ್ಬರವನ್ನೂ ಎಷ್ಟು ಸಮನಾಗಿ ಹಾಕಿದ್ದೀರಿ! ಯಾವ ಮಷೀನ್ ರೀ?"

ನಮ್ಮ ಸಾಹೇಬರು ನನ್ನನ್ನು ನೋಡಿದರು. ನಾನು ಮಾಲಿಯನ್ನು ನೋಡಿದೆ. ಮಾಲಿ, "ನಮ್ಮ ಕಡೀದಾ ಮಷೀನ್ ರೀ. ಕೊಯ್ಯೂದೂ ಅದಾ, ಗೊಬ್ಬರ ಹಾಕೂದೂ ಅದಾ" ಎಂದ.

ಬಂಗಲೆಯ ಹಿಂದಿನಿಂದ "ಬ್ಯಾ..." ಎಂದು ಕೇಳಿಸಿತು.

"ಅದೇನಯ್ಯಾ ಸದ್ದು?"

"ಮಷೀನ್ ರೀ ಯಪ್ಪಾ. ಇನ್ನಾ ಬಂದ್ ಆಗಿಲ್ಲ."

ಆಗಲೇ ಒಂದು ಟಗರು ಮೂಲೆ ತಿರುಗಿ ನಮ್ಮೆದುರಿಗೆ ಬಂದು ನಿಂತಿತು. ಅದರ ಹಿಂದೆ ಬಡಗಿ ಹಿಡಿದ ಮಾವ. ದೊಡ್ಡ ಸಾಹೇಬರು ಒಂದು ಗಳಿಗೆ ಟಗರನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕಾರಿಗೆ ಒರಗಿಕೊಂಡು ಕಣ್ಣೊರೆಸಿಕೊಂಡರು. "ಡೀಸೆಲ್ ಇಲ್ಲ, ರಿಪೇರಿ ಇಲ್ಲ! ಇವನನ್ನು ಮೊದಲು ಕಾಯಂ ಮಾಡ್ರೀ" ಎಂದರು.

ಮಾಲಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಈಗ ಚಾಚಾ ಇಲ್ಲ, ಟ್ರ್ಯಾಕ್ಟರ್ ಗುಜರಿಗೆ ಹೋಯಿತು. ಆದರೂ ಎಲ್ಲಾದರೂ ಕತ್ತರಿಸಿದ ಹುಲ್ಲಿನ ವಾಸನೆ ಬಂದರೆ ಆ ಬೆಳಗು ನೆನಪಾಗಿ ಆ ಜನ ಬೇಕೆನಿಸುತ್ತಾರೆ. ಎಲ್ಲರಿಗಿಂತ ಹೆಚ್ಚು ಆ ಮಾವ. ಎಲ್ಲರೂ ಮಾಲಿಯ ಬೆನ್ನು ತಟ್ಟುತ್ತಿದ್ದಾಗ ಅವನೊಬ್ಬನೇ ಬಡಗಿ ಊರಿ ದೊಡ್ಡ ಸಾಹೇಬರ ಎದುರು ಹೋಗಿ ನಿಂತ.

"ಎಲ್ಲಾ ಖರೇರೀ ಸಾಹೇಬ್ರ. ಹುಲ್ಲು ಕೊಯ್ದಿದ್ದು ನನ್ನ ಕುರಿ, ಗೊಬ್ಬರ ಹಾಕಿದ್ದು ನನ್ನ ಕುರಿ. ಅಳಿಯನ್ಯಾಕ ಕಾಯಂ ಮಾಡ್ತೀರಿ? ಮಾಡೂದಿದ್ರ ನನ್ನ ಕುರೀನ ಮಾಡ್ರಿ!"