ಹೊಸ ಬಸ್ಸಿನ ಕೆಮ್ಮು

ಹಸನಸಾಬ್ ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಹಳೆಯ ಲುಂಗಿಯ ತುಂಡಿನಿಂದ ಹೊಸ ಬಸ್ಸಿನ ಸೀಟುಗಳನ್ನು ಒರೆಸುತ್ತಿದ್ದ. ಐದನೆಯ ಸೀಟಿಗೆ ಬರುವ ಹೊತ್ತಿಗೆ ಬಟ್ಟೆ ಕುಂಕುಮದ ಪೊಟ್ಟಣ ಬಿಚ್ಚಿದ ಹಾಗೆ ಕೆಂಪಾಯಿತು. ಎಲ್ಲ ಅದಿರಿನ ಧೂಳು. ಬಸ್ಸು ಓಡತೊಡಗಿ ಮೂರು ದಿನವಾಗಿದ್ದರೂ ಕಾರ್ಖಾನೆಯಲ್ಲಿ ತೊಡಿಸಿದ ಪ್ಲಾಸ್ಟಿಕ್ ಹೊದಿಕೆ ಸೀಟುಗಳ ಮೇಲೆ ಇನ್ನೂ ಹಾಗೇ ಇತ್ತು. ದೊಡ್ಡವರು ಯಾರೋ ಬಂದು ರಿಬ್ಬನ್ ಕತ್ತರಿಸುವ ತನಕ ತೆಗೆಯಕೂಡದೆಂದು ಡಿಪೋ ಮ್ಯಾನೇಜರರ ಅಪ್ಪಣೆ. ಒಳಗೆ ರೆಕ್ಸಿನ್ನು, ಗೋಂದು, ಬಣ್ಣ ಎಲ್ಲ ಕಲೆತ ವಾಸನೆ. ಚಪ್ಪಲಿ ಅಂಗಡಿಯೊಳಗೆ ಕೂಡಿಸಿ ಹೊರಗಿನಿಂದ ಬೀಗ ಹಾಕಿದ ಹಾಗೆ.

ಹಸನಸಾಬ್ ಆ ಬಸ್ಸಿನ ಕಂಡಕ್ಟರ್. ವಾಸನೆಯಿಂದ ಅವನಿಗೇನೂ ಆಗಿರಲಿಲ್ಲ. ಅವನ ಸಂಕಟ ಬೇರೆ: ಹೊಸ ಬಸ್ಸು ಸದ್ದು ಮಾಡುತ್ತಿರಲಿಲ್ಲ.

ಹಳೆಯ ಬಸ್ಸು ಹೊರಟರೆ ಕಿಟಕಿ, ಬಾಗಿಲು, ತಗಡು ಎಲ್ಲ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು, ಪಾತ್ರೆ ಅಂಗಡಿಯೇ ಗುಡ್ಡದಿಂದ ಉರುಳಿದ ಹಾಗೆ. ಅದರೊಳಗೆ ಅವನು ಎಷ್ಟು ಕೆಮ್ಮಿದರೂ ಯಾರಿಗೂ ಕೇಳುತ್ತಿರಲಿಲ್ಲ. ನಾಲ್ಕು ವರ್ಷ ಅದಿರಿನ ಲಾರಿಗಳ ಹಿಂದೆ ಓಡಾಡಿ ಗಳಿಸಿದ ಕೆಮ್ಮು. ಅವನನ್ನು ಬಳ್ಳಾರಿಯ ವೈದ್ಯರ ತಪಾಸಣೆಗೆ ಕಳಿಸಬೇಕೆಂದು ಹನ್ನೊಂದು ತಿಂಗಳ ಹಿಂದೆಯೇ ಡಿಪೋದಲ್ಲಿ ಪತ್ರ ತಯಾರಾಗಿತ್ತು. ಸಹಿ, ಮುದ್ರೆ ಎರಡೂ ಬಿದ್ದಿದ್ದವು. ಗುಮಾಸ್ತ ಚಿದಾನಂದಪ್ಪ ಅದನ್ನು ಮೇಜಿನ ಬಟ್ಟೆಯ ಕೆಳಗೆ ಇಟ್ಟುಕೊಂಡಿದ್ದ.

“ಯಾರೂ ದೂರಲಿಲ್ಲಂದ್ರ ನನಗೂ ನೆನಪಿರಂಗಿಲ್ಲ ಹಸನಸಾಬ್ರೆ,” ಎಂದಿದ್ದ. “ಯಾರರ ಬಾಯಿ ಬಿಟ್ರ ಮಾತ್ರ ಕಳಸಲಾರದ ಗತಿ ಇಲ್ಲ.”

ವೈದ್ಯರು ಕೆಲಸಕ್ಕೆ ಯೋಗ್ಯನಲ್ಲ ಎಂದು ಬರೆದರೆ ಮನೆಯ ದಾರಿ. ಮಗಳು ಸಾಜಿಯಾಳ ಶಿಕ್ಷಕಿ ತರಬೇತಿ ಮುಗಿಯಲು ಇನ್ನೊಂದು ವರ್ಷವಿತ್ತು. ಆ ಒಂದು ವರ್ಷ ಪತ್ರ ಬಟ್ಟೆಯ ಕೆಳಗೇ ಮಲಗಿರಲೆಂದು ಹಸನಸಾಬ್ ದಿನವೂ ಬೇಡಿಕೊಳ್ಳುತ್ತಿದ್ದ.

ಏಳು ಗಂಟೆಗೆ ಬಸ್ಸು ಹೊರಟಿತು. ಮೊದಲ ಟಿಕೆಟ್ ಹರಿಯುವಷ್ಟರಲ್ಲಿ ಕೆಮ್ಮು ಬಂತು. ಹಿಂದಿನ ಎರಡು ದಿನ ನುಂಗಿದಂತೆ ಅಂದೂ ನುಂಗಿದ, ಅದು ತಿರುಗಿ ಎರಡಾಗಿ ಬಂತು. ಬಳ್ಳಾರಿಗೆ ಬದನೆಕಾಯಿ ಮಾರಲು ಹೊರಟಿದ್ದ ದೇಶನೂರಿನ ಕೊಟ್ರಬಸಮ್ಮ ಬುಟ್ಟಿಯ ಮೇಲಿನಿಂದ ಕತ್ತೆತ್ತಿದಳು.

“ಯಣ್ಣ, ಇದು ಎಷ್ಟು ದಿನದ ಕೆಮ್ಮು?”

ಹಸನಸಾಬ್ ಟಿಕೆಟ್ ಕಟ್ಟನ್ನು ಬಾಯಿಗೆ ಅಡ್ಡ ಹಿಡಿದ. “ನನ್ನ ಕೆಮ್ಮಲ್ಲ ಯಕ್ಕ. ಬಸ್ಸಿಂದು. ಈ ಹೊಸ ವಾಸನಿ ಎದಿಗೆ ಕುಂದರತೈತಿ.”

“ಹಂಗನ್ನು. ಅದಕ್ಕ ಮೂರು ದಿನದಿಂದ ನನ್ನ ತಲಿ ಹಿಡದೈತಿ.”

ಅವಳ ತಲೆನೋವಿಗೆ ಇಪ್ಪತ್ತು ವರ್ಷ ವಯಸ್ಸಾಗಿತ್ತು. ಅದಕ್ಕೊಂದು ವಿಳಾಸ ಸಿಕ್ಕಿದ್ದು ಅಂದೇ. ಅಲ್ಲಿಂದ ಬೇನೆ ಸೀಟಿನಿಂದ ಸೀಟಿಗೆ ಹರಡಿತು. ಒಬ್ಬರಿಗೆ ಕಣ್ಣುರಿ, ಒಬ್ಬರಿಗೆ ಹೊಟ್ಟೆ ತೊಳಸು. ಕೂಸನ್ನೆತ್ತಿಕೊಂಡಿದ್ದ ಒಬ್ಬಾಕೆ ನಿಜವಾಗಿಯೂ ಕಿಟಕಿಯಾಚೆ ಬಾಗಿ ವಾಂತಿ ಮಾಡಿಕೊಂಡಳು. ಹಿಂದಿನ ಸೀಟಿನ ಪಕ್ಕೀರಪ್ಪ, “ಈ ವಾಸನಿ ಮೊಳಕಾಲಿಗೂ ಇಳಿತೈತೇನ್ರಿ?” ಎಂದು ಕೇಳಿದ.

ಉತ್ತರ ಹೇಳಲು ನಿವೃತ್ತ ಮಾಸ್ತರ್ ಗವಿಸಿದ್ದಪ್ಪ ಎದ್ದು ನಿಂತರು. “ಹೊಸ ಗಾಡಿಯೊಳಗಿನ ಗೋಂದು, ರೆಕ್ಸಿನ್ನು ಬಿಸಲಿಗೆ ಕಾದು ಕೆಟ್ಟ ಗಾಳಿ ಬಿಡ್ತಾವು. ತಲಿ ತಿರುಗೋದು, ಕಣ್ಣು ಉರಿಯೋದು. ಪೇಪರಿನ್ಯಾಗ ಬಂದಿತ್ತು.”

“ಮೊಳಕಾಲು ಬಂದಿತ್ತಾ?”

“ಇಲ್ಲ. ಜಾಗ ಸಾಲಿರಲಿಕ್ಕಿಲ್ಲ.”

ಎಲ್ಲರೂ ಕಿಟಕಿ ತೆರೆದರು. ಎದುರಿಗೆ ಅದಿರಿನ ಲಾರಿಗಳ ಸಾಲು ಬಂತು. ಜನ ಹೋಳಿ ಆಡಿದವರಂತೆ ಕೆಂಪಾದರು. ಮುಚ್ಚಿದರು. ವಾಸನೆ ಮೂಗಿಗೆ ಅಡರಿತು, ಮತ್ತೆ ತೆರೆದರು. ಹೀಗೆ ನಾಲ್ಕಾರು ಸಲ ಆದ ಮೇಲೆ ಡ್ರೈವರ್ ಸುಂಕಣ್ಣ ಬಸ್ಸು ನಿಲ್ಲಿಸಿ ತಿರುಗಿ ನೋಡಿದ.

“ಯಾವುದರಿಂದ ಸಾಯ್ತೀರಿ ಅಂತ ಮೊದಲು ಒಂದು ಮಾತಿಗೆ ಬರ್ರಿ. ಆಮ್ಯಾಲೆ ಗಾಡಿ ಬಿಡ್ತೀನಿ.”

ಕುರುಗೋಡಿನಲ್ಲಿ ಕೊಟ್ರಬಸಮ್ಮ ಇಳಿದು ಊದಿನಕಡ್ಡಿಯ ಕಟ್ಟು ತಂದು, ಅಷ್ಟನ್ನೂ ಒಟ್ಟಿಗೆ ಹಚ್ಚಿ ಸೀಟಿನ ಸಂದಿಗೆ ಸಿಗಿಸಿದಳು. ಪ್ಲಾಸ್ಟಿಕ್ ಹೊದಿಕೆ ಸುರುಟಿ ಕರಗಿ ಕಪ್ಪು ಹೊಗೆ ಎದ್ದಿತು. ನೀರು ಸುರಿದು ಆರಿಸುವಷ್ಟರಲ್ಲಿ ಬಸ್ಸಿಗೆ ಬಸ್ಸೇ ಕೆಮ್ಮುತ್ತಿತ್ತು. ಇಷ್ಟು ಜನರ ನಡುವೆ ತನ್ನ ಕೆಮ್ಮೂ ಕಳೆದುಹೋಯಿತೆಂದು ಹಸನಸಾಬನಿಗೆ ಒಳಗೊಳಗೇ ನೆಮ್ಮದಿ.

ಅದಕ್ಕೇ, ಹೊಸ ಬಸ್ಸು ಬೇಡವೆಂದು ಡಿಪೋಗೆ ಅರ್ಜಿ ಬರೆಯಲು ಮಾಸ್ತರರು ಕಾಗದ ಕೇಳಿದಾಗ ಅವನು ತನ್ನ ಪೆನ್ನನ್ನೂ ಕೊಟ್ಟ. “ಹಳೀ ಬಸ್ಸೇ ಬೇಕು ಅಂತ ಬರೀರಿ ಮಾಸ್ತರ್ರ. ಒತ್ತಿ ಬರೀರಿ.”

ಮಧ್ಯಾಹ್ನ ಬಳ್ಳಾರಿಯಿಂದ ಅದೇ ಬಸ್ಸಿನಲ್ಲಿ ಹಿಂದಿರುಗುವಾಗ ಸಹಿ, ಹೆಬ್ಬೆಟ್ಟು ಬಿದ್ದವು. ನಾಲ್ಕು ಗಂಟೆಗೆ ಎಲ್ಲರೂ ನೆಟ್ಟಗೆ ಡಿಪೋ ಮ್ಯಾನೇಜರರ ಕೋಣೆಗೆ ನುಗ್ಗಿದರು. ಗುಂಪು ಕಂಡು ಮ್ಯಾನೇಜರರಿಗೆ ಬೆವರು ಬಂತು. ಅರ್ಜಿಯ ಮೊದಲ ಪುಟ ಓದಿದವರೇ, “ಆಯ್ತು. ಇವತ್ತಿನ ಐದು ಗಂಟೆ ಟ್ರಿಪ್ಪಿನಿಂದಲೇ ಹಳೇ ಬಸ್ಸು,” ಎಂದರು.

ಹಸನಸಾಬನಿಗೆ ಮಾಸ್ತರರ ಕಾಲು ಮುಟ್ಟೋಣ ಅನ್ನಿಸಿತು.

“ಹಿಂದಿನ ಪುಟಾನೂ ಓದ್ರಿ ಸಾಹೇಬ್ರ,” ಎಂದರು ಮಾಸ್ತರರು. ಮ್ಯಾನೇಜರರು ತಿರುವಿ ಗಟ್ಟಿಯಾಗಿ ಓದಿದರು: “ಮೇಲಾಗಿ, ನಮ್ಮೆಲ್ಲರ ಅಚ್ಚುಮೆಚ್ಚಿನ ಕಂಡಕ್ಟರ್ ಹಸನಸಾಬರು ಈ ವಾಸನೆಯಿಂದ ಕೆಮ್ಮಿ ಕೆಮ್ಮಿ ಕಂಗಾಲಾಗಿದ್ದಾರೆ. ಅವರನ್ನು ಕೂಡಲೇ ವೈದ್ಯರಲ್ಲಿಗೆ ಕಳಿಸಿ ಕಾಪಾಡಬೇಕಾಗಿ ವಿನಂತಿ.”

“ಅಷ್ಟೇನಿಲ್ಲ ಸಾಹೇಬ್ರ...” ಎಂದು ಬಾಯಿ ತೆರೆದ ಹಸನಸಾಬ್. ಆಗಲೇ ಕೆಮ್ಮು ಬಂತು. ಕೋಣೆ ಸದ್ದಿಲ್ಲದೆ ಅದನ್ನು ಕೊನೆಯ ತನಕ ಕೇಳಿಸಿಕೊಂಡಿತು.

“ಚಿದಾನಂದಪ್ಪ, ಇವರದೊಂದು ಪತ್ರ ತಯಾರು ಮಾಡು.”

ಚಿದಾನಂದಪ್ಪ ಹಸನಸಾಬನ ಮುಖ ನೋಡಿದ. ಆಮೇಲೆ ಕೋಣೆಯ ಮೂಲೆಯಲ್ಲಿದ್ದ ತನ್ನ ಮೇಜಿನ ಬಟ್ಟೆ ಎತ್ತಿದ. “ತಯಾರೈತ್ರಿ ಸಾಹೇಬ್ರ.”

“ಇಷ್ಟು ಲಗೂನ?” ಮ್ಯಾನೇಜರರು ತಾರೀಖನ್ನೂ, ತಮ್ಮದೇ ಸಹಿಯನ್ನೂ ನೋಡದೆ ಹಿಗ್ಗಿದರು. “ಕೆಲಸ ಅಂದ್ರೆ ಹೀಗಿರಬೇಕು.”

ಡಿಪೋದ ಟಪಾಲು ಬಳ್ಳಾರಿಗೆ ಹೋಗುವುದು ಕಂಡಕ್ಟರರ ಚೀಲದಲ್ಲಿ. ಐದು ಗಂಟೆಯ ಟ್ರಿಪ್ಪು ಹಸನಸಾಬನದೇ. ಚಿದಾನಂದಪ್ಪ ಟಪಾಲು ವಹಿಯನ್ನು ಅವನ ಮುಂದೆ ತಳ್ಳಿದ.

“ದಾರಿಯಾಗ ಎಲ್ಲ್ಯರ ಬಿದ್ದುಹೋದರ?” ಹಸನಸಾಬ್ ಪಿಸುಗುಟ್ಟಿದ.

ಗುಮಾಸ್ತ ಬಾಯಿ ತೆರೆಯುವ ಮೊದಲೇ ಮಾಸ್ತರರು ಹಸನಸಾಬನ ಹೆಗಲ ಮೇಲೆ ಕೈಯಿಟ್ಟರು. “ಬೀಳಾಕ ಬಿಡ್ತೀವೇನು? ಬಳ್ಳಾರಿ ಪಾರ್ವತಿನಗರದಾಗ ನಮ್ಮ ಮಗಳು ಅಕ್ಷತಾನ ಮನಿ ಐತಿ. ರಾತ್ರಿ ಅಲ್ಲಿದ್ದು, ಮುಂಜಾನೆ ನಾನೇ ನಿಮ್ಮ ಕೂಡ ಬಂದು ಡಾಕ್ಟರ್ ಕೈಗೆ ಕೊಡಸ್ತೀನಿ.”

“ನಿನಗ ಆರಾಮಾಗಲಿ ಅಂತ ಊರಿಗೆ ಊರೇ ಹೆಬ್ಬೆಟ್ಟು ಒತ್ತೇವಿ ಯಣ್ಣ,” ಎಂದಳು ಕೊಟ್ರಬಸಮ್ಮ. “ಹೆದರಬ್ಯಾಡ.”

ಹಸನಸಾಬ್ ವಹಿಯಲ್ಲಿ ಸಹಿ ಮಾಡಿದ. ಐದಕ್ಕೆ ಹಳೆಯ ಬಸ್ಸು ಗಡಗಡ ಎನ್ನುತ್ತ ಬಂದು ನಿಂತಿತು. ಮಾಸ್ತರರು ಮುಂದಿನ ಸೀಟಿನಲ್ಲಿ ಕುಳಿತು, ಭದ್ರವಿರಲೆಂದು ಪತ್ರದ ಲಕೋಟೆಯನ್ನು ಇಸಿದುಕೊಂಡು ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ಹಸನಸಾಬ್ ಮಾಸ್ತರರಿಗೊಂದು ಬಳ್ಳಾರಿ ಟಿಕೆಟ್ ಹರಿದುಕೊಟ್ಟು, ಸೀಟಿ ಊದಿದ. ಹನ್ನೊಂದು ತಿಂಗಳ ಪತ್ರ ಹೊರಟಿತು.